ಗಸ್ತೋನೆ ಮಾವನ ಡೆನ್ಮಾರ್ಕ್

ನಮ್ಮ ಮೇಸ್ತ್ರೆ ಊರಿನ ಚರ್ಚಿನವರು ನಡೆಸಿದ ಲಾಟರಿಯಲ್ಲಿ ಮೊದಲ ಬಹುಮಾನ ಒಂದು ಇಡೀ ಒಣಗಿಸಿದ ಹಂದಿತೊಡೆ. ಎರಡನೆಯ ಬಹುಮಾನ ವೆನಿಸ್‌ನಲ್ಲಿ ಇಬ್ಬರಿಗೆ ಎರಡು ರಾತ್ರಿಯ ಪ್ರಣಯ ಪ್ರವಾಸ, ಬೆಳಗಿನ ತಿಂಡಿ ಸಹಿತ. ಮೇಸ್ತ್ರೆಯಿಂದ ವೆನಿಸ್‌ಗೆ ರೈಲಿನಲ್ಲಿ ಹತ್ತು ನಿಮಿಷ. ನಡುಮನೆಯಲ್ಲಿ ಕೂತವರಿಗೆ ಅಡುಗೆಮನೆಗೆ ಪ್ರವಾಸ ಕೊಡಿಸಿದ ಹಾಗೆ. ಆದರೆ ಪಾದ್ರಿಗಳ ಭಾವ ಹೊಸದಾಗಿ ಟ್ರಾವೆಲ್ ಏಜೆನ್ಸಿ ತೆರೆದಿದ್ದರು, ಹಂದಿತೊಡೆ ಕೊಡುವ ಭಾವ ಪಾದ್ರಿಗಳಿಗೆ ಒಬ್ಬರೇ ಇದ್ದರು.

ಎರಡನೆಯ ಬಹುಮಾನ ನನ್ನ ಸೋದರಮಾವ ಗಸ್ತೋನೆಗೆ ಬಂತು.

ಇದರಲ್ಲಿದ್ದ ಅವಮಾನ ಹೊರಗಿನವರಿಗೆ ತಿಳಿಯುವುದಿಲ್ಲ. ಮಾವ ಹುಟ್ಟಿದ್ದೇ ವೆನಿಸ್‌ನ ಕನ್ನರೆಜೊ ಬಡಾವಣೆಯಲ್ಲಿ. ಅಲ್ಲಿನ ಕಾಲುವೆಗಳಲ್ಲಿ ಓಡಾಡುವ ಸಾರ್ವಜನಿಕ ದೋಣಿಗಳಲ್ಲಿ ಹಗ್ಗ ಕಟ್ಟುವ, ಬಿಚ್ಚುವ, ಪ್ರವಾಸಿಗರ ಮೇಲೆ ರೇಗುವ ಕೆಲಸವನ್ನು ಮೀಸೆ ಹಣ್ಣಾಗುವವರೆಗೆ ಮಾಡಿದವನು. ಮನೆಯ ಮಾಲೀಕ ಮನೆಯನ್ನು ಹೋಟೆಲಿನವರಿಗೆ ಮಾರಿದ್ದರಿಂದ, ಉಳಿದ ಅರ್ಧ ಊರಿನ ಹಾಗೆ, ಅವನೂ ಇಪ್ಪತ್ತೆರಡು ವರ್ಷದ ಹಿಂದೆ ಹಿನ್ನೀರಿನ ಮೇಲಿನ ಉದ್ದ ಸೇತುವೆ ದಾಟಿ ಮೇಸ್ತ್ರೆಯ ಫ್ಲಾಟಿಗೆ ಬಂದ. ಬಂದ ದಿನದಿಂದ ನಮ್ಮ ಕಟ್ಟಡದ ಕೆಳಗಿನ ಬಾರಿನಲ್ಲಿ ಕೂತು ಅದೇ ಊರಿನ ಗುಣಗಾನ. ಅಲ್ಲಿಯ ಬ್ರೆಡ್ಡು ಬೇರೆ, ಅಲ್ಲಿಯ ಗಾಳಿ ಬೇರೆ, ಅಲ್ಲಿಯ ಬೈಗುಳದ ರುಚಿಯೇ ಬೇರೆ.

"ವೆನಿಸ್‌ಗೆ ಹೋಗಿ ಮೋಸ ಹೋದೆ ಅಂತ ಅಳ್ತಾರಲ್ಲ, ಅಂಥವರು ಅವರಮ್ಮನ ಮನೇಲೂ ಮೋಸ ಹೋಗ್ತಾರೆ," ಎಂದು ಅವನು ಗ್ಲಾಸು ಕುಟ್ಟಿ ಹೇಳುತ್ತಿದ್ದ. "ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಅಲ್ಲಿ ಬಿಡಿ, ಮೂಗಿನಿಂದಲೇ ದಾರಿ ಹಿಡೀತೀನಿ."

ಆ ಮೂಗಿಗೆ ಅಷ್ಟು ಕೆಲಸ ಮಾಡುವ ಗಾತ್ರವೂ ಇತ್ತು.

ಮಾವ ಲಾಟರಿಯ ಚೀಟಿ ಹಿಡಿದು ಹಂದಿತೊಡೆ ಗೆದ್ದ ದಂತವೈದ್ಯರ ಹಿಂದೆ ಬಿದ್ದ, ಅದಲು ಬದಲು ಮಾಡಿಕೊಳ್ಳೋಣ ಎಂದು. ಆದರೆ ಎಲ್ವಿರಾ ಅತ್ತೆ ಚೀಟಿಯನ್ನು ಅವನ ಕೈಯಿಂದ ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡು ಝಿಪ್ ಎಳೆದಳು.

"ಹೋಗೋಣ," ಅಂದಳು.

ಅವಳು ಹಾಗನ್ನುವುದಕ್ಕೆ ಕಾರಣವಿತ್ತು. ವೆನಿಸ್ ಬಿಟ್ಟವರನ್ನು ವಾಪಸು ಕರೆತರಲು ನಗರಸಭೆ ಕೊಡುವ ಮನೆಗಳ ಸರದಿಯಲ್ಲಿ ಮಾವನ ಹೆಸರು ಎಷ್ಟೋ ವರ್ಷದಿಂದ ಕೊಳೆಯುತ್ತಿತ್ತು. ಈಗ ಇದ್ದಕ್ಕಿದ್ದ ಹಾಗೆ ಮೇಲೆ ಬಂದಿತ್ತು. ಕನ್ನರೆಜೊದಲ್ಲೇ ಒಂದು ಸಣ್ಣ ಮನೆ, ನೆಲ ಅಂತಸ್ತು. ಬೇಕೋ ಬೇಡವೋ ಸೋಮವಾರ ಬಂದು ಹೇಳಿ ಎಂದಿದ್ದರು. ಮಾವ ಆಗಲೇ ಬಾರಿನಲ್ಲಿ ಎಲ್ಲರಿಗೂ ವಿದಾಯ ಹೇಳಲು ಶುರು ಮಾಡಿದ್ದ. ಅತ್ತೆ ಒಪ್ಪಿರಲಿಲ್ಲ.

"ಇಲ್ಲಿ ಲಿಫ್ಟ್ ಇದೆ, ಎದುರಿಗೇ ಅಂಗಡಿ ಇದೆ, ಮೊಣಕಾಲಿನ ಡಾಕ್ಟರಿದಾರೆ. ಅಲ್ಲಿ ಯಾರಿದಾರೆ ನಮಗೆ?"

"ಅಲ್ಲಿ ವೆನಿಸ್ ಇದೆ!"

"ಸರಿ. ಎರಡು ರಾತ್ರಿ ಮಲಗಿ ನೋಡ್ತೀನಿ. ಚೆನ್ನಾಗಿದ್ರೆ ಸೋಮವಾರ ಹೂಂ ಅಂತೀನಿ. ಇಲ್ಲಾಂದ್ರೆ ಇನ್ನು ಆ ಊರಿನ ಹೆಸರು ನನ್ನ ಅಡುಗೆಮನೇಲಿ ಎತ್ತಬಾರದು."

ಹೀಗೆ ಮಾವ ಒಂದು ಚಕ್ರದ ಸೂಟ್‌ಕೇಸು ಎಳೆದುಕೊಂಡು, ಹೆಂಡತಿಗೆ ತನ್ನ ಊರನ್ನು ಮತ್ತೊಮ್ಮೆ ಒಪ್ಪಿಸಲು, ಶುಕ್ರವಾರ ಮಧ್ಯಾಹ್ನ ವೆನಿಸ್ ನಿಲ್ದಾಣದಲ್ಲಿ ಇಳಿದ. ಮುಂದಿನದನ್ನು ನಾನು ಅತ್ತೆಯ ಬಾಯಿಂದ ಕೇಳಿದ್ದು. ಮಾವನ ಬಾಯಿಂದ ಈವರೆಗೆ ಕೇಳಲಾಗಿಲ್ಲ.

ವೆನಿಸ್‌ನಲ್ಲಿ ಪ್ರತಿ ಮೂಲೆಗೂ ಹಳದಿ ಬಾಣದ ಫಲಕಗಳಿವೆ. ಅವನ್ನು ಓದುವವರು ಹೊರಗಿನವರು. ಊರಿನವನು ಅಂಗಡಿ ನೋಡಿ ತಿರುಗುತ್ತಾನೆ. ಮಾವ ಫಲಕಗಳಿಗೆ ಬೆನ್ನು ಹಾಕಿ, "ಹಾಲಿನಂಗಡಿ ಹತ್ತಿರ ಎಡಕ್ಕೆ, ತೋನಿಯ ಬೇಕರಿ ಹತ್ತಿರ ಬಲಕ್ಕೆ, ಕಟ್ಟಿಗೆ ಡಿಪೋ ದಾಟಿ ಸೇತುವೆ," ಎಂದು ಪಾಠ ಒಪ್ಪಿಸುತ್ತ ನಡೆದ.

ಹಾಲಿನಂಗಡಿಯಲ್ಲಿ ಪ್ರವಾಸಿಗರಿಗೆ ಮಾರುವ ಮುಖವಾಡಗಳಿದ್ದವು. ಅದು ಹಾಲಿನಂಗಡಿಯೇ ಇರಲಾರದೆಂದು ಮುಂದೆ ಹೋದ. ಮುಂದಿನದರಲ್ಲೂ ಮುಖವಾಡಗಳಿದ್ದವು. ತೋನಿಯ ಬೇಕರಿಯನ್ನು ಹುಡುಕುತ್ತ ಮೂರು ಐಸ್‌ಕ್ರೀಮ್ ಅಂಗಡಿ, ಫ್ರಿಜ್ಜಿಗೆ ಅಂಟಿಸುವ ಗೊಂಬೆಗಳ ಐದು ಅಂಗಡಿ, ಕಾಗದದ ಕೊಟ್ಟೆಯಲ್ಲಿ ಕರಿದ ಮೀನು ಮಾರುವ ಒಂದು ಗೂಡು ದಾಟಿದರು. ನಾಲ್ಕನೇ ಸಲ ಅದೇ ಸೇತುವೆ ಹತ್ತುವಾಗ ಅತ್ತೆ ಕೇಳಿದಳು:

"ಯಾರನ್ನಾದ್ರೂ ಕೇಳೋಣ್ವಾ?"

"ನಾನು? ದಾರಿ? ಇಲ್ಲಿ?" ಮಾವ ಎದೆ ಮೇಲೆ ಕೈಯಿಟ್ಟುಕೊಂಡ. "ಕೇಳಿದ್ರೆ ನನ್ನಪ್ಪ ಗೋರಿಯಿಂದ ಎದ್ದು ಬಂದು ಒದೀತಾನೆ."

"ಬರಲಿ. ಅವರಿಗೆ ದಾರಿ ಗೊತ್ತಿರತ್ತೆ."

ಆ ಹೊತ್ತಿಗೆ ಮಾವ ಸೂಟ್‌ಕೇಸನ್ನು ಎತ್ತಿ ಹಿಡಿಯುವುದನ್ನು ಬಿಟ್ಟು ಎಳೆಯತೊಡಗಿದ್ದ. ಕಲ್ಲು ಹಾಸಿನ ಮೇಲೆ ಅದರ ಚಕ್ರಗಳು ಗುಡುಗುತ್ತಿದ್ದವು. ಒಂದು ಕಿರುಓಣಿಗೆ ತಿರುಗಿದ್ದೇ ತಡ, ಮೇಲಿನ ಕಿಟಕಿ ಧಡಾರೆಂದು ತೆರೆಯಿತು.

"ಏಯ್! ಆ ಡಬ್ಬ ಎತ್ತಿ ಹಿಡ್ಕೊಂಡು ಹೋಗ್ರೀ! ಇದು ಜನ ಇರೋ ಜಾಗ, ವಿಮಾನ ನಿಲ್ದಾಣ ಅಲ್ಲ! ಎಲ್ಲಿಂದ ಬರ್ತವಪ್ಪ ಈ ಪ್ರಾಣಿಗಳು!"

ಮಾವ ತಲೆಯೆತ್ತಿದ. ಕಿಟಕಿಯಲ್ಲಿದ್ದವಳು ಅರ್ಮಿದಾ. ಹಳೆಯ ಮನೆಯಲ್ಲಿ ಇಪ್ಪತ್ತು ವರ್ಷ ಗೋಡೆ ಹಂಚಿಕೊಂಡಿದ್ದ ಅರ್ಮಿದಾ. ಕೂದಲು ಬೆಳ್ಳಗಾಗಿತ್ತು, ಗಂಟಲು ಹಾಗೇ ಇತ್ತು. ತಾನು ನಿಂತಿರುವುದು ತನ್ನದೇ ಹಳೆಯ ಓಣಿಯಲ್ಲಿ ಎಂದು ಮಾವನಿಗೆ ಆಗ ಹೊಳೆಯಿತು.

ಈ ಕಡೆಯ ಮೇಸ್ತ್ರೆಯಲ್ಲಿ ಅಷ್ಟು ವರ್ಷ ಊರಿನ ಬಡಾಯಿ ಕೊಚ್ಚಿದವನು, ತನ್ನ ಊರಿನಲ್ಲಿ ದಾರಿ ತಪ್ಪಿ, ಚಕ್ರದ ಸೂಟ್‌ಕೇಸು ಹಿಡಿದು, ತನ್ನ ಹಳೆ ನೆರೆಯವಳ ಬಾಯಿಗೆ ಸಿಕ್ಕಿಬಿದ್ದಾಗ ಏನು ಮಾಡಬೇಕು? ಜಗತ್ತಿನ ಯಾವ ಶಾಸ್ತ್ರದಲ್ಲೂ ಇದಕ್ಕೆ ಉತ್ತರವಿಲ್ಲ. ಮಾವ ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಮುರುಕಲು ಮಾತಿನಲ್ಲಿ ಹೇಳಿದ:

"ಕ್ಷಮೆ... ನಾನು... ಹೊರಗೆ ಜನ. ಹೋಟೆಲ್... ಎಲ್ಲಿ?"

ಅತ್ತೆ ಅವನನ್ನೇ ನೋಡಿದಳು. ಅಷ್ಟು ವರ್ಷ ಸಂಸಾರ ಮಾಡಿದ ಗಂಡ ಒಂದು ಕ್ಷಣದಲ್ಲಿ ವಿದೇಶಿಯಾದದ್ದನ್ನು ನೋಡಿ ಅವಳ ಬಾಯಿ ಕಟ್ಟಿತು.

ಅರ್ಮಿದಾ ಕಿಟಕಿಯಿಂದ ಇನ್ನಷ್ಟು ಬಾಗಿ ನೋಡಿದಳು. ಆಮೇಲೆ ಧ್ವನಿ ಬೆಣ್ಣೆಯಾಯಿತು. "ಅಯ್ಯೋ ಪಾಪ, ವಿದೇಶದವರಾ? ನಿಲ್ಲಿ ನಿಲ್ಲಿ, ಬಂದೆ." ಚಪ್ಪಲಿ ಸದ್ದು ಮಾಡುತ್ತ ಇಳಿದು ಬಂದು, ಕಿವುಡರಿಗೆ ಹೇಳುವ ಹಾಗೆ ಕೂಗಿದಳು: "ಯಾ-ವ ದೇ-ಶ? ಜರ್ಮನಿ?"

ಮಾವ ತಲೆಯಾಡಿಸಿದ, ಅಲ್ಲ.

"ಫ್ರಾನ್ಸ್? ಪೋಲೆಂಡ್? ಹಾಲೆಂಡ್? ಡೆನ್ಮಾರ್ಕ್?"

ಅಷ್ಟರಲ್ಲಿ ಅವನ ಕುತ್ತಿಗೆ ಸೋತಿತ್ತು. ಹೌದೆಂದ. ಹೀಗೆ ಮಾವ ಡೆನ್ಮಾರ್ಕಿನವನಾದ.

"ಇವರು ನಿಮ್ಮ ಹೆಂಡತಿನಾ? ಮಾತಾಡಲ್ವಾ?"

ಮಾವ ದುಃಖದಿಂದ ತಲೆ ಅಲುಗಿಸಿದ. ಅತ್ತೆ ಮೂಕಿಯಾದಳು.

ಹೋಟೆಲು ಅಲ್ಲಿಂದ ನಾಲ್ಕು ಮಾರು ದೂರದಲ್ಲಿತ್ತು. ಅದೇ ಕಟ್ಟಿಗೆ ಡಿಪೋ. ಬಾಗಿಲ ಮೇಲೆ ಇಂಗ್ಲಿಷಿನಲ್ಲಿ 'ಪ್ರಣಯ ಅರಮನೆ' ಎಂಬರ್ಥದ ಬೋರ್ಡು. ಏಜೆನ್ಸಿಯವರು ಕಾಲುವೆ ಕಾಣುವ ಕೋಣೆ ಎಂದಿದ್ದರು. ಕಾಣುತ್ತಿತ್ತು. ಬಚ್ಚಲಿನಲ್ಲಿ ಕಮೋಡಿನ ಮುಚ್ಚಳದ ಮೇಲೆ ಹತ್ತಿ, ಗೂಡುಕಿಟಕಿಯಿಂದ ಕತ್ತು ಹೊರಚಾಚಿದರೆ ಒಂದು ಅಂಗೈಯಷ್ಟು ನೀರು.

"ಚೆನ್ನಾಗಿದೆ, ಅಲ್ವಾ?" ಎಂದ ಮಾವ, ಮುಚ್ಚಳದ ಮೇಲೆ ನಿಂತುಕೊಂಡೇ.

ಅತ್ತೆ ಮೂಕಿ. ನೀರಿನ ಬಾಟಲಿ ತರುತ್ತೇನೆಂದು ಸನ್ನೆ ಮಾಡಿ ಹೊರಗೆ ಹೋದಳು. ಬರಲು ಒಂದು ಗಂಟೆ ಹಿಡಿಯಿತು. ವೆನಿಸ್‌ನಲ್ಲಿ ನೀರು ಸಿಗುವುದು ಇಷ್ಟು ಕಷ್ಟವಾಯಿತೇ ಎಂದು ಮಾವ ಮರುಗಿದ.

ಬೆಳಿಗ್ಗೆ ತಿಂಡಿ ಎಂದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಬನ್ನು. ಅದನ್ನು ಬಿಚ್ಚುವಷ್ಟರಲ್ಲಿ ಅರ್ಮಿದಾ ಬಾಗಿಲಲ್ಲಿದ್ದಳು, ಚರ್ಚಿಗೆ ಹೋಗುವ ಭಾನುವಾರದ ಕೋಟು ತೊಟ್ಟು.

"ಬನ್ನಿ, ಡೆನ್ಮಾರ್ಕ್! ಊ-ರು ತೋ-ರಿ-ಸ್ತೀನಿ! ಪಾಪ, ನಿಮ್ಮಂಥವರನ್ನ ಎಲ್ಲರೂ ಸುಲೀತಾರೆ. ನಾನಿದ್ರೆ ಯಾರೂ ಮುಟ್ಟಲ್ಲ."

ಮುಂದಿನ ಕೆಲವು ಗಂಟೆಗಳಲ್ಲಿ ಮಾವನನ್ನು ಮುಟ್ಟದೆ ಬಿಟ್ಟವರು ಯಾರೂ ಇಲ್ಲ.

ದೊಡ್ಡ ಚೌಕದಲ್ಲಿ ಅರ್ಮಿದಾ ಅವರನ್ನು ವಾದ್ಯಗೋಷ್ಠಿಯ ಎದುರಿನ ಕುರ್ಚಿಯಲ್ಲಿ ಕೂರಿಸಿದಳು. ಊರಿನವನಾದ ಯಾವನೂ ಪ್ರಾಣ ಹೋದರೂ ಅಲ್ಲಿ ಕೂತು ಕಾಫಿ ಕುಡಿಯುವುದಿಲ್ಲ, ಒಳಗೆ ಕಟ್ಟೆಯ ಹತ್ತಿರ ನಿಂತು ಒಂದೇ ಗುಟುಕಿಗೆ ಮುಗಿಸುತ್ತಾನೆ. ಬಿಲ್ಲಿನಲ್ಲಿ ಕಾಫಿಗೆ, ಕುರ್ಚಿಗೆ, ಸಂಗೀತಕ್ಕೆ ಬೇರೆ ಬೇರೆ ದರ ಹಾಕಿದ್ದರು. ಮಾವ ಕಿವಿ ಮುಚ್ಚಿಕೊಂಡು ಸಂಗೀತದ ದುಡ್ಡು ಕಡಿಮೆ ಮಾಡಿಸಲು ಸನ್ನೆಯಲ್ಲೇ ಯತ್ನಿಸಿದ. ವೇಟರು ಅವನಿಗೆ ಕಿವಿನೋವೆಂದು ತಿಳಿದು ಔಷಧಿ ಅಂಗಡಿಯ ದಿಕ್ಕು ತೋರಿಸಿದ.

ಅಲ್ಲಿಂದ ಗೊಂಡೊಲಾ. ಮಾವ ಜೀವಮಾನದಲ್ಲಿ ಗೊಂಡೊಲಾದಲ್ಲಿ ಪ್ರಯಾಣಿಕನಾಗಿ ಕೂತವನಲ್ಲ. ಈಗ ಕೆಂಪು ಮೆತ್ತೆಯ ಮೇಲೆ ಕೂತ. ಅಂಬಿಗ ನೇಪಲ್ಸ್ ಕಡೆಯ ಯಾವುದೋ ಹಾಡು ಕಿರುಚತೊಡಗಿದ, ಸೇತುವೆಯ ಮೇಲಿದ್ದವರು ಇವರ ಫೋಟೋ ತೆಗೆದರು. ತಾನು ಮೂವತ್ತು ವರ್ಷ ಇಂಥವರನ್ನು ಕಂಡು ನೀರಿಗೆ ಉಗಿದದ್ದು ಮಾವನಿಗೆ ನೆನಪಾಯಿತೇನೋ, ಅವನು ಆಗಾಗ ಮೇಲೆ ನೋಡುತ್ತಿದ್ದನಂತೆ.

ದುಡ್ಡು ಹೋದದ್ದನ್ನಾದರೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಅರ್ಮಿದಾಳ ಚರಿತ್ರೆ ಪಾಠ.

"ನೋ-ಡಿ, ಈ ಸೇತುವೆ ಕಟ್ಟಿಸಿದ್ದು ನೆಪೋಲಿಯನ್ನನ ಅತ್ತೆ. ಮೊಣಕಾಲು ನೋವಿತ್ತು ಅಂತ."

ಮಾವನ ಕುತ್ತಿಗೆಯ ನರ ಉಬ್ಬಿತು.

"ಆ ಗೋಪುರ ವಾಲಿರೋದು ಯಾಕೆ ಗೊತ್ತಾ? ಪಾದ್ರಿಗಳು ದಪ್ಪ ಇದ್ರು. ಒಂದೇ ಕಡೆ ಕೂರ್ತಿದ್ರು."

ಮಾವ ಕರ್ಚೀಫು ಬಾಯಿಗೆ ತುರುಕಿಕೊಂಡ.

"ಈ ಕಾಲುವೇಲಿ ಮೊದಲು ಮೊಸಳೆ ಸಾಕ್ತಿದ್ರು. ಮನೆ ಬಾಡಿಗೆ ಕೊಡದವರನ್ನ ಹಾಕೋಕೆ."

"ಮ್‌ಮ್‌ಮ್," ಎಂದಿತು ಕರ್ಚೀಫು. ಹಿಂದಿನಿಂದ ಬರುತ್ತಿದ್ದ ಅತ್ತೆಗೆ ಕೆಮ್ಮು ಹತ್ತಿ, ಗೋಡೆ ಕಡೆ ತಿರುಗಿ ನಿಲ್ಲಬೇಕಾಯಿತು.

ಸಂಜೆ ಮುಂದಾಗಿ ವಾಪಸು ಬರಲು ಸಾರ್ವಜನಿಕ ದೋಣಿ ಹತ್ತಿದರು. ಊರಿನ ನಿವಾಸಿಗಳಿಗೆ ಅಗ್ಗದ ಪಾಸು ಉಂಟು, ಮೇಸ್ತ್ರೆಯವರಿಗೂ ಉಂಟು, ಅದು ಮಾವನ ಜೇಬಿನಲ್ಲೇ ಇತ್ತು. ಡೆನ್ಮಾರ್ಕಿನವನು ಅದನ್ನು ತೆಗೆಯುವುದು ಹೇಗೆ? ಅರ್ಮಿದಾಳ ಎದುರಿಗೆ ಪ್ರವಾಸಿಗರ ದುಬಾರಿ ಟಿಕೆಟ್ಟನ್ನೇ ಕೊಂಡ. ಎರಡನೇ ನಿಲ್ದಾಣದಲ್ಲಿ ತಪಾಸಣೆಯವನು ಹತ್ತಿದ. ಅವನು ಲೊರೆದಾನೊ, ಮಾವನ ಕೈಕೆಳಗೆ ಹಗ್ಗ ಕಟ್ಟುವುದನ್ನು ಕಲಿತವನು. ಮಾವ ಕಿಟಕಿಯ ಕಡೆ ಮುಖ ಮಾಡಿ ಟಿಕೆಟ್ ಮಾತ್ರ ಹಿಂದಕ್ಕೆ ಚಾಚಿದ.

"ಮುದ್ರೆ ಒತ್ತಿಸಿಲ್ಲ," ಎಂದ ಲೊರೆದಾನೊ.

ಮಾವ ತಣ್ಣಗಾದ. ಹತ್ತುವ ಮುಂಚೆ ಯಂತ್ರಕ್ಕೆ ಟಿಕೆಟ್ ಹಿಡಿಯಬೇಕು. ಇದನ್ನು ಮರೆತ ಪ್ರವಾಸಿಗರಿಗೆ ಅವನೇ ಎಷ್ಟು ಸಾವಿರ ಸಲ "ಕಣ್ಣಿಲ್ವೇನ್ರೀ" ಎಂದಿದ್ದನೋ. ಆದರೆ ಜನ್ಮದಲ್ಲಿ ಮೊದಲ ಸಲ ಟಿಕೆಟ್ ಕೊಂಡವನಿಗೆ ಆ ಅಭ್ಯಾಸ ಎಲ್ಲಿಂದ ಬರಬೇಕು?

"ಇವರು ಡೆನ್ಮಾರ್ಕ್," ಎಂದಳು ಅರ್ಮಿದಾ. "ಪಾಪ, ಏನೂ ಗೊತ್ತಾಗಲ್ಲ."

"ಡೆನ್ಮಾರ್ಕ್‌ನಲ್ಲಿ ಕಣ್ಣು ಇರಲ್ವಾ?" ಎಂದ ಲೊರೆದಾನೊ. ದಂಡ ವಸೂಲು ಮಾಡಿಕೊಂಡು, ಒಂದು ಚೀಟಿಯಲ್ಲಿ ರಸೀದಿ ಬರೆದುಕೊಟ್ಟು, ಟೊಪ್ಪಿ ಮುಟ್ಟಿ ವಂದಿಸಿ, ಮುಂದಿನ ನಿಲ್ದಾಣದಲ್ಲಿ ಇಳಿದ.

ಓಣಿಗೆ ಬಂದಾಗ ಮಾವನ ಮುಖದಲ್ಲಿ ರಕ್ತವಿರಲಿಲ್ಲ. ಅರ್ಮಿದಾಗೆ ಮಾತ್ರ ದಣಿವೇ ಇಲ್ಲ. ಓಣಿಯ ಒಳಚೌಕದಲ್ಲಿ, ಕಲ್ಲಿನ ಬಾವಿಯ ಹತ್ತಿರ ನಿಂತು, ಮೇಲೊಂದು ಕಿಟಕಿಗೆ ಬೆರಳು ತೋರಿಸಿದಳು. ಅದು ಮಾವನ ಹಳೆಯ ಅಡುಗೆಮನೆಯ ಕಿಟಕಿ. ಈಗ ಅದಕ್ಕೆ ಹೋಟೆಲಿನವರ ಎ.ಸಿ. ಪೆಟ್ಟಿಗೆ ಸಿಕ್ಕಿಸಿದ್ದರು.

"ಕೊ-ನೆ-ಯ-ದಾಗಿ," ಎಂದು ಅರ್ಮಿದಾ ಇಡೀ ಓಣಿಗೆ ಕೇಳುವ ಹಾಗೆ ಕೂಗಿದಳು, "ಇಲ್ಲಿ ಗಸ್ತೋನೆ ಅಂತ ಒಬ್ಬ ಇದ್ದ! ಉದ್ದ ಮೂಗು! ಅವನು ಸೇತುವೆ ಹತ್ತೋಕೆ ಮುಂಚೆ ಮೂಗು ಆ ಕಡೆ ಇಳೀತಿತ್ತು! ಹೆಂಡ್ತಿ ಬಂಗಾರದಂಥವಳು, ಪಾಪ. ಇವನು ಇಸ್ಪೀಟಿನಲ್ಲಿ ಮೋಸ ಮಾಡ್ತಿದ್ದ! ನಮ್ಮನೆಯವರ ಹತ್ತಿರ ಸಿಕ್ಕಿಬಿದ್ದ, ಆ ನಾಚಿಕೆಗೇ ಮೇಸ್ತ್ರೆಗೆ ಓಡಿಹೋದ!"

ಡೆನ್ಮಾರ್ಕ್ ದೇಶ ಅಲ್ಲಿಗೆ ಮುಳುಗಿತು.

"ನಾನಾ? ನಾನಾ ಮೋಸ?" ಮಾವ ಟೊಪ್ಪಿಯನ್ನು ನೆಲಕ್ಕೆ ಹೊಡೆದ. ಕನ್ನರೆಜೊದ ಅಪ್ಪಟ ಓಣಿಮಾತು, ಇಪ್ಪತ್ತೆರಡು ವರ್ಷ ಬಾರಿನಲ್ಲಿ ಮಡಿಸಿಟ್ಟಿದ್ದು, ಒಮ್ಮೆಗೇ ಹೊರಬಿತ್ತು. "ನಿನ್ನ ಗಂಡನಿಗೆ ರಾಜ ಯಾವುದು ಗುಲಾಮ ಯಾವುದು ಗೊತ್ತಿರಲಿಲ್ಲ ಕಣೇ! ಸತ್ತವನ ಬಗ್ಗೆ ಕೆಟ್ಟದ್ದು ಆಡಬಾರದು, ಆದ್ರೂ ಅವನು ಕತ್ತೆ! ಆ ಸೇತುವೆ ನೆಪೋಲಿಯನ್ನನ ಅತ್ತೆ ಕಟ್ಟಿಸಿದ್ದಲ್ಲ! ಮೊಸಳೇನೂ ಇರಲಿಲ್ಲ! ಇದ್ದಿದ್ರೆ ನಿನ್ನನ್ನ ನೋಡೇ ಓಡಿಹೋಗ್ತಿತ್ತು!"

ಕಿಟಕಿಗಳು ತೆರೆದವು. ಓಣಿಯಲ್ಲಿ ಉಳಿದಿದ್ದವರು ಆರೇ ಜನ, ಆರೂ ಜನ ಕಿಟಕಿಗಳಲ್ಲಿದ್ದರು, ಬೆಳಗಿನಿಂದ ಕಾದು ಕೂತವರ ಹಾಗೆ. ಮೊದಲು ಒಬ್ಬರು, ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು.

"ಬಂದ ನೋಡ್ರಪ್ಪ!" ಎಂದು ಮೂರನೇ ಅಂತಸ್ತಿನ ಮುದುಕ ಕೂಗಿದ. "ಬೈಗುಳ ತುಕ್ಕು ಹಿಡಿದಿಲ್ಲ!"

ಮಾವ ಬಾಯಿ ತೆರೆದುಕೊಂಡೇ ಅರ್ಮಿದಾಳ ಕಡೆ ತಿರುಗಿದ. "ನಿನಗೆ... ಯಾವಾಗ ಗೊತ್ತಾಯ್ತು?"

"ಯಾವಾಗ ಅಂದ್ರೆ? ಮೂಗು ಮೂಲೆಯಲ್ಲಿ ತಿರುಗಿದಾಗಲೇ. ನೀನು ಆಮೇಲೆ ಬಂದೆ."

"ಎಲ್ವಿರಾ!" ಎಂದು ಮಾವ ಹೆಂಡತಿಯ ಕಡೆ ತಿರುಗಿದ. ಮೂಕಿ ಬಾವಿಯ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಿನ್ನೆ ನೀರು ತರಲು ಹೋದವಳು ಆ ಒಂದು ಗಂಟೆ ಅರ್ಮಿದಾಳ ಅಡುಗೆಮನೆಯಲ್ಲಿದ್ದಳು.

ಕತ್ತಲಾಗುವ ಮುಂಚೆ ಬಾವಿಯ ಪಕ್ಕ ಮೇಜು ಹಾಕಿದರು. ಈರುಳ್ಳಿ, ವಿನೆಗರ್‌ನಲ್ಲಿ ನೆನೆಸಿದ ಸಾರ್ಡೀನು ಮೀನು ಬಂತು, ವೈನು ಬಂತು. ಲೊರೆದಾನೊ ಕೆಲಸ ಮುಗಿಸಿ ಬಂದು ದಂಡದ ದುಡ್ಡನ್ನು ಮೇಜಿನ ಮೇಲಿಟ್ಟ. ಬರೆದುಕೊಟ್ಟದ್ದು ರಸೀದಿಯೇ ಅಲ್ಲ, ಅವನ ಹೆಂಡತಿಯ ಲಾಂಡ್ರಿ ಚೀಟಿ.

ಮಾವ ಮೊದಮೊದಲು ಮುಖ ಊದಿಸಿಕೊಂಡಿದ್ದ. ಎರಡನೇ ಗ್ಲಾಸಿಗೆ, "ತೋನಿಯ ಬೇಕರಿ ಎಲ್ಲಿ ಹೋಯ್ತು?" ಎಂದು ಕೇಳಿದ.

"ತೋನಿ ಸತ್ತ. ಮಗ ಪಾದೊವಾದಲ್ಲಿ ಟೈರು ಮಾರ್ತಾನೆ."

"ಹಾಲಿನವಳು?"

"ಮೇಸ್ತ್ರೆ."

"ಮೂಲೆಮನೆ ಅವಳಿಮಕ್ಕಳು?"

"ಮೇಸ್ತ್ರೆ. ಎಲ್ಲ ಮೇಸ್ತ್ರೆ. ನೀವು ಅಲ್ಲಿ ಒಬ್ಬರನ್ನೊಬ್ಬರು ನೋಡಲ್ವಾ?"

ಇಲ್ಲ, ನೋಡುವುದಿಲ್ಲ. ಅಲ್ಲಿ ಲಿಫ್ಟು ಇದೆ.

ಆಮೇಲೆ ಒಬ್ಬೊಬ್ಬರೂ ಒಂದೊಂದನ್ನು ತೆಗೆದರು. ಕಿಟಕಿಯಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಸಿದರೆ ತೋನಿ ಬಿಸಿ ಬ್ರೆಡ್ಡು ಹಾಕಿ ಕಳಿಸುತ್ತಿದ್ದದ್ದು. ಬೇಸಿಗೆಯಲ್ಲಿ ಮಕ್ಕಳೆಲ್ಲ ಕಾಲುವೆಗೆ ಧುಮುಕಿ, ಅಮ್ಮಂದಿರು ದೊಣ್ಣೆ ಹಿಡಿದು ದಡದಲ್ಲಿ ಕಾಯುತ್ತಿದ್ದದ್ದು. ಹದಿನೆಂಟು ಮನೆಯ ಬಟ್ಟೆ ಒಂದೇ ತಂತಿಯಲ್ಲಿ ಒಣಗುತ್ತಿದ್ದದ್ದು, ಯಾರ ಚಡ್ಡಿ ಹರಿದಿದೆ ಎಂಬುದು ಓಣಿಗೆಲ್ಲ ಗೊತ್ತಿರುತ್ತಿದ್ದದ್ದು. ಪ್ರವಾಹದ ನೀರು ಬಂದಾಗ ಕೆಳಮನೆಯವರು ಮೇಲ್ಮನೆಗೆ ಹಾಸಿಗೆ ಹೊತ್ತು ಬಂದು, ನೀರು ಇಳಿದರೂ ಇಸ್ಪೀಟು ಮುಗಿಯದೆ ಉಳಿದುಬಿಡುತ್ತಿದ್ದದ್ದು.

"ಆಗ ಕಿಟಕಿಯಿಂದ ಒಂದು ಬೈದ್ರೆ ಹತ್ತು ವಾಪಸು ಬರ್ತಿತ್ತು," ಎಂದಳು ಅರ್ಮಿದಾ. "ಈಗ ಬೈದ್ರೆ ಫೋಟೋ ತೆಗೀತಾರೆ."

ಒಬ್ಬರು ಮೀನಿನ ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

ಭಾನುವಾರ ವಾಪಸು ಬರುವಾಗ ರೈಲಿನಲ್ಲಿ ಮಾವ ಕಿಟಕಿಯ ಕಡೆ ನೋಡುತ್ತ ಕೂತಿದ್ದ. ಸೇತುವೆ ಅರ್ಧ ದಾಟಿದಾಗ ಹೇಳಿದ:

"ನೀನು ಹೇಳಿದ್ದೇ ಸರಿ ಎಲ್ವಿರಾ. ಅದು ನಮ್ಮೂರಲ್ಲ. ನಾನು ಬಾರಿನಲ್ಲಿ ಹೇಳ್ತಿದ್ದ ಊರು ಮುಗಿದು ಹೋಗಿದೆ. ನಾಳೆ ಬೇಡ ಅಂತ ಹೇಳಿ ಬಂದುಬಿಡೋಣ."

ಅತ್ತೆ ಏನೂ ಹೇಳಲಿಲ್ಲ. ಎರಡು ದಿನ ಮೂಕಿಯಾಗಿದ್ದ ಅಭ್ಯಾಸವಿರಬೇಕು ಎಂದುಕೊಂಡ.

ಸೋಮವಾರ ನಗರಸಭೆಯ ವಸತಿ ಕಚೇರಿಯ ಕೌಂಟರಿನಲ್ಲಿದ್ದ ಹುಡುಗಿ ಕಡತ ತೆಗೆದು, "ಒಂದೇ ಕೋಣೆ, ನೆಲ ಅಂತಸ್ತು. ನೀರು ಏರಿದ್ರೆ ಒಳಗೆ ಬರತ್ತೆ. ಬೇಕಾ, ಬೇಡ್ವಾ?" ಎಂದಳು.

ಮಾವ ಗಂಟಲು ಸರಿಮಾಡಿಕೊಂಡ. ಭಾಷಣ ತಯಾರಿತ್ತು. "ನೋಡಮ್ಮ, ಒಂದು ಕಾಲದಲ್ಲಿ ಆ ಊರು..."

"ಬೇಕು," ಎಂದಳು ಅತ್ತೆ.

"ಎಲ್ವಿರಾ, ನಿನ್ನೆ ನಾನು..."

"ನಿನ್ನೆ ನೀನು ಮಾತಾಡಿದೆ, ನಾನು ಕೇಳಿದೆ. ಈಗ ನೀನು ಕೇಳು. ಮೇಸ್ತ್ರೆಗೆ ಬಂದು ಇಷ್ಟು ವರ್ಷ ಆಯ್ತು. ನಮ್ಮನ್ನ ನೋಡಿದ್ರೆ ಎಲ್ಲರೂ ನಮಸ್ಕಾರ ಅಂತಾರೆ, ಲಿಫ್ಟಿನ ಬಾಗಿಲು ಹಿಡೀತಾರೆ, ಒಳ್ಳೆ ಜನ. ಅವರಲ್ಲಿ ಒಬ್ಬರಾದ್ರೂ ನಿನ್ನನ್ನ ಮೂರ್ಖನ್ನ ಮಾಡೋಕೆ ಬೆಳಿಗ್ಗೆ ಎದ್ದು ಭಾನುವಾರದ ಕೋಟು ಹಾಕ್ಕೊಂಡು, ಮೊಣಕಾಲು ನೋವಿಟ್ಕೊಂಡು ದಿನವಿಡೀ ಊರು ಸುತ್ತಿದಾರಾ?"

ಮಾವ ಯೋಚಿಸಿದ. ಮೇಸ್ತ್ರೆಯ ಪ್ರತಿ ಅಂತಸ್ತನ್ನೂ ನೆನೆಸಿಕೊಂಡಂತೆ ಕಂಡಿತು. ಇಲ್ಲ, ಯಾರೂ ಮಾಡಿರಲಿಲ್ಲ.

ಹಿಂದೆ ನಿಂತಿದ್ದವರು ಕೆಮ್ಮಿದರು. ಕೌಂಟರಿನ ಹುಡುಗಿ ಕಾಗದವನ್ನು ತಿರುಗಿಸಿ, ಸಹಿ ಮಾಡುವ ಜಾಗಕ್ಕೆ ಪೆನ್ನು ಇಟ್ಟಳು. ಮಾವ ಪೆನ್ನು ಎತ್ತಿಕೊಂಡ, ಮತ್ತೆ ಇಳಿಸಿದ.

"ಒಂದು ಷರತ್ತು," ಎಂದ. "ನಾನು ಇಸ್ಪೀಟಿನಲ್ಲಿ ಮೋಸ ಮಾಡ್ತಿರಲಿಲ್ಲ ಅಂತ ಹೋದ ಕೂಡಲೇ ಅರ್ಮಿದಾಗೆ ನೀನೇ ಹೇಳಬೇಕು."

"ಮಾಡ್ತಿದ್ದೆ ನೀನು," ಎಂದಳು ಅತ್ತೆ. "ಸಹಿ ಹಾಕು."